ಕೈಲ್ ಮುಹೂರ್ತದಿಂದ ಹುತ್ತರಿಯವರೆಗೆ: ಹಬ್ಬದಡುಗೆಯ ಪ್ರಶ್ನೋತ್ತರ

ಗದ್ದೆಯ ನಾಟಿ ಮುಗಿದು ಮಳೆ ಸ್ವಲ್ಪ ಕೈಬಿಟ್ಟಿತೆಂದರೆ ಕೊಡಗಿನಲ್ಲಿ ಹಬ್ಬಗಳ ಸಾಲು ಆರಂಭವಾಗುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತ, ಅಕ್ಟೋಬರ್ 17ರ ಆಸುಪಾಸಿನಲ್ಲಿ ಕಾವೇರಿ ಸಂಕ್ರಮಣ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಹೊಸ ಕದಿರಿನ ಹಬ್ಬ ಹುತ್ತರಿ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದವರೂ ಈ ದಿನಗಳಲ್ಲಿ ಊರಿಗೆ ಬಂದು ಸೇರುವುದರಿಂದ, ಮೂರು ಜನರಿಗೆ ಬೇಯುತ್ತಿದ್ದ ಒಲೆಯ ಮೇಲೆ ಮೂವತ್ತು ಜನರ ಅಡುಗೆ ಏರಬೇಕಾಗುತ್ತದೆ. ಈ ಸಲ ಬಂದ ಪತ್ರಗಳೂ ಹೆಚ್ಚಾಗಿ ಅದರ ಬಗ್ಗೆಯೇ ಇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಮದುವೆಯಾದ ಮೇಲೆ ಬೆಂಗಳೂರಿನಲ್ಲಿದ್ದೇನೆ. ಕೈಲ್ ಮುಹೂರ್ತಕ್ಕೆ ಊರಿನ ಮನೆಯಲ್ಲಿ ಇಪ್ಪತ್ತೈದು ಜನ ಸೇರುತ್ತಾರೆ. ಇದುವರೆಗೆ ಅತ್ತೆಯವರೇ ಅಡುಗೆ ನೋಡಿಕೊಳ್ಳುತ್ತಿದ್ದರು. ಈಗ ಮಂಡಿನೋವಿನಿಂದಾಗಿ ಅವರು ಒಲೆಯ ಮುಂದೆ ನಿಲ್ಲಲಾರರು. ಪಂದಿಕರಿ (ಹಂದಿಮಾಂಸದ ಕರಿ), ಕೋಳಿಕರಿ, ಬಾರ್ತದ್ (ಹುರಿದ ಮಾಂಸ), ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆ), ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ತುಪ್ಪದನ್ನ, ಪಾಯಸ ಎಂದು ಪಟ್ಟಿ ಬರೆದಿದ್ದೇನೆ. ಎಷ್ಟು ಮಾಂಸ ಬೇಕಾಗುತ್ತದೆ? ಹಿಂದಿನ ದಿನವೇ ಮಾಡಿಟ್ಟರೆ ರುಚಿ ಕೆಡುವುದಿಲ್ಲವೇ?
— ಸೊಸೆ, ವಿರಾಜಪೇಟೆ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಹಬ್ಬದ ಊಟ ಭಾರಿಯಾಗಿರಬೇಕು, ನಿಜ. ಆದರೆ ಎಲೆಯ ಮೇಲೆ ಭಾರಿ ಪದಾರ್ಥ ಒಂದೇ ಇದ್ದು, ಉಳಿದವು ಅದಕ್ಕೆ ಒತ್ತಾಸೆಯಾಗಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪಂದಿಕರಿ ಇರುವ ದಿನ ಬಾರ್ತದ್ ಬೇಡ, ತುಪ್ಪದನ್ನವೂ ಬೇಡ. ಮೂರಕ್ಕೂ ಜಿಡ್ಡೇ ಆಧಾರವಾಗಿರುವುದರಿಂದ ಎರಡನೆಯ ತುತ್ತಿಗೇ ನಾಲಿಗೆ ಮಂಕಾಗುತ್ತದೆ. ಪಂದಿಕರಿ, ಕಡಂಬುಟ್ಟು, ಹಂದಿಮಾಂಸ ತಿನ್ನದವರಿಗೆ ಸ್ವಲ್ಪ ಕೋಳಿಕರಿ, ಬಿಳಿ ಅನ್ನ, ತಿಳಿಸಾರು, ಒಂದು ಉಪ್ಪಿನಕಾಯಿ, ಪಾಯಸ: ಇಷ್ಟಾದರೆ ಮನೆಯ ಹಿರಿಯರು ಮೆಚ್ಚುತ್ತಾರೆ, ನೀವೂ ಎಲ್ಲರೊಂದಿಗೆ ಕುಳಿತು ಊಟ ಮಾಡಬಹುದು. ನೂಲ್‌ಪುಟ್ಟನ್ನು ಮಾತ್ರ ಆ ದಿನಕ್ಕೆ ಖಂಡಿತ ಇಟ್ಟುಕೊಳ್ಳಬೇಡಿ. ಇಪ್ಪತ್ತೈದು ಜನರಿಗೆ ಒರಳಿನಲ್ಲಿ ಒತ್ತುವ ಹೊತ್ತಿಗೆ ಮೊದಲು ಒತ್ತಿದ್ದು ಒಣಗಿರುತ್ತದೆ.

ಮಾಂಸದ ಲೆಕ್ಕ ಹೀಗಿದೆ. ಪಂದಿಕರಿಯೇ ಮುಖ್ಯವಾಗಿರುವ ಊಟಕ್ಕೆ ಹಸಿಮಾಂಸ ತಲೆಗೆ 250ರಿಂದ 300 ಗ್ರಾಂ ಸಾಕು. ಬೆಂದಾಗ ತೂಕ ಕಾಲುಭಾಗದಷ್ಟಾದರೂ ಇಳಿಯುತ್ತದೆ ಎಂಬುದನ್ನು ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ಮಕ್ಕಳನ್ನೂ ಹಂದಿಮಾಂಸ ತಿನ್ನದವರನ್ನೂ ಕಳೆದರೆ ನಿಮಗೆ 6 ಕಿಲೋ ಬೇಕಾಗಬಹುದು, 7 ಕಿಲೋ ತಂದರೆ ಮರುದಿನಕ್ಕೂ ಉಳಿಯುತ್ತದೆ. ಅಂಗಡಿಯಲ್ಲಿ ಬರೀ ಕೆಂಪು ಮಾಂಸ ಕೇಳಬೇಡಿ. ತೊಗಲು, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿರಬೇಕು. ಕೊಬ್ಬು ಮೂರನೆಯ ಒಂದು ಭಾಗದಷ್ಟಿದ್ದರೆ ಬೇರೆ ಎಣ್ಣೆಯ ಅಗತ್ಯವೇ ಬರುವುದಿಲ್ಲ. ತೊಗಲನ್ನು ಸುಟ್ಟು ಕೆರೆದು ಕೊಟ್ಟಿರಬೇಕು, ತುಂಡುಗಳು ಒಂದು ಅಂಗುಲದಷ್ಟಿರಬೇಕು. ಹಬ್ಬದ ಹಿಂದಿನ ದಿನ ಅಂಗಡಿಗಳಲ್ಲಿ ನೂಕುನುಗ್ಗಲಿರುವುದರಿಂದ ಎರಡು ದಿನ ಮೊದಲೇ ಹೇಳಿಟ್ಟು, ಆರೋಗ್ಯ ತಪಾಸಣೆಯಾದ ಪ್ರಾಣಿಯ ಮಾಂಸವೇ ಎಂದು ವಿಚಾರಿಸಿ ತನ್ನಿ.

ತೊಳೆದು ಸೋಸಿದ ಮಾಂಸಕ್ಕೆ ಅರಿಶಿನ, ಉಪ್ಪು, ಮೆಣಸಿನ ಪುಡಿ ಹಚ್ಚಿ ಅರ್ಧ ಗಂಟೆ ಬಿಡಿ. ಒಂದು ಕಿಲೋ ಮಾಂಸಕ್ಕೆ ಕಾಲು ಕಿಲೋ ಈರುಳ್ಳಿ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದೂವರೆ ಅಂಗುಲ ಶುಂಠಿ, ನಾಲ್ಕೈದು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಎಂಬ ಅಳತೆಯಲ್ಲಿ ತರಿತರಿಯಾಗಿ ರುಬ್ಬಿಕೊಳ್ಳಬೇಕು. ಹುರಿಯುವ ಮಸಾಲೆ ಬೇರೆ: ಕಿಲೋ ಮಾಂಸಕ್ಕೆ ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಕರಿಮೆಣಸು, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಸಣ್ಣ ಚಮಚ ಸಾಸಿವೆ, ಕಾಲು ಸಣ್ಣ ಚಮಚಕ್ಕಿಂತ ಹೆಚ್ಚಿಲ್ಲದಷ್ಟು ಮೆಂತ್ಯ. ಪಂದಿಕರಿಯ ಕಪ್ಪು ಬಣ್ಣ ಹುಟ್ಟುವುದು ಈ ಹುರಿಯುವಿಕೆಯಲ್ಲಿಯೇ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಕೊತ್ತಂಬರಿ ಕೆಂಪಾಗುವ ಮೊದಲೇ ಮೆಂತ್ಯ ಕರಟುತ್ತದೆ. ಆದ್ದರಿಂದ ಒಂದೊಂದನ್ನೂ ಬೇರೆಯಾಗಿ, ಸಣ್ಣ ಉರಿಯಲ್ಲಿ, ಕೈ ನಿಲ್ಲಿಸದೆ ಹುರಿಯಿರಿ. ಕೊತ್ತಂಬರಿ ಮತ್ತು ಜೀರಿಗೆ ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದು, ಹೊಗೆ ಏಳಲು ಇನ್ನೇನು ಒಂದು ಕ್ಷಣವಿದೆ ಎನ್ನುವಾಗ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಅದರ ಕಾವಿಗೆ ಮಸಾಲೆ ಹುರಿಯುತ್ತಲೇ ಇರುತ್ತದೆ. ಈ ಪುಡಿಯನ್ನು ಮೂರು ದಿನ ಮೊದಲೇ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಹಬ್ಬದ ಮುನ್ನಾದಿನದ ಅರ್ಧ ಕೆಲಸ ತಗ್ಗುತ್ತದೆ.

ಬೇಯಿಸುವಾಗ ದಪ್ಪ ತಳದ ಅಗಲ ಪಾತ್ರೆಯಲ್ಲಿ ಮೊದಲು ಮಾಂಸವನ್ನಷ್ಟೇ ಹಾಕಿ, ನೀರು ಸೇರಿಸದೆ, ಮುಚ್ಚಿ ಸಣ್ಣ ಉರಿಯಲ್ಲಿಡಿ. ಕಾಲು ಗಂಟೆಯಲ್ಲಿ ಮಾಂಸ ತನ್ನ ನೀರನ್ನು ಬಿಡುತ್ತದೆ. ಮುಚ್ಚಳ ತೆಗೆದು ಆ ನೀರು ಇಂಗಲು ಬಿಟ್ಟರೆ ಆಮೇಲೆ ಕೊಬ್ಬು ಕರಗಿ ಪಾತ್ರೆಯ ಅಂಚಿನಲ್ಲಿ ಚಟಪಟ ಸದ್ದು ಕೇಳತೊಡಗುತ್ತದೆ. ಆ ಸದ್ದು ಬಂದ ಮೇಲೆಯೇ ರುಬ್ಬಿದ ಈರುಳ್ಳಿ ಮಸಾಲೆ ಹಾಕಬೇಕು. ಅವಸರದಲ್ಲಿ ಮೊದಲೇ ಹಾಕಿದರೆ ಈರುಳ್ಳಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ, ಹಸಿವಾಸನೆ ಕೊನೆಯವರೆಗೂ ಉಳಿದುಬಿಡುತ್ತದೆ. ಮಸಾಲೆಯಿಂದ ಜಿಡ್ಡು ಬೇರೆಯಾದ ಮೇಲೆ ತುಂಡುಗಳು ಮುಕ್ಕಾಲು ಮುಳುಗುವಷ್ಟು ಬಿಸಿನೀರು ಸೇರಿಸಿ, ತೊಗಲು ಬೆರಳಿಗೆ ಒತ್ತಿದರೆ ಬಗ್ಗುವವರೆಗೆ ಬೇಯಿಸಿ. ಇದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಮಡಿಕೇರಿಯಂತಹ ಎತ್ತರದ ಊರಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಏಕೆಂದರೆ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿರುವ ಆ ಪಟ್ಟಣದಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 96 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮಂಗಳೂರಿನ ನೆಂಟರು ಹೇಳಿದ ಸಮಯ ನಿಮ್ಮ ಒಲೆಗೆ ಹೊಂದದಿದ್ದರೆ ಅದು ನಿಮ್ಮ ದೋಷವಲ್ಲ. ಹಂದಿಮಾಂಸ ಅರೆಬೆಂದಿದ್ದರೆ ಲಾಡಿಹುಳುವಿನ ಸೋಂಕಿನ ಅಪಾಯವಿರುವುದರಿಂದ ಮೂಳೆಯ ಪಕ್ಕದ ಒಂದು ದೊಡ್ಡ ತುಂಡನ್ನು ಕೊಯ್ದು, ಒಳಗೆ ಗುಲಾಬಿ ಬಣ್ಣವಿಲ್ಲವೆಂದು ನೋಡಿಕೊಳ್ಳಿ. ಹುರಿದ ಪುಡಿಯನ್ನು ಕೊನೆಯ ಇಪ್ಪತ್ತು ನಿಮಿಷದಲ್ಲಿ, ಕಾಚಂಪುಳಿಯನ್ನು (ಹಣ್ಣಿನ ರಸ ಕುದಿಸಿ ಮಾಡಿದ ಕಪ್ಪು ಹುಳಿ) ಕೊನೆಯ ಐದು ನಿಮಿಷದಲ್ಲಿ ಹಾಕಬೇಕು. ಉಪ್ಪು, ಖಾರ, ಹುಳಿ ಮೂರನ್ನೂ 6 ಕಿಲೋಗೆ ಆರು ಪಟ್ಟು ಹಾಕುವ ಲೆಕ್ಕ ಬೇಡ. ನಾಲ್ಕೂವರೆ ಪಟ್ಟು ಹಾಕಿ, ರುಚಿ ನೋಡಿ ಏರಿಸಿ.

ಇನ್ನು ಹಿಂದಿನ ದಿನದ ಮಾತು. ಮಾಡಿಡಬಹುದೇ ಎಂದು ಕೇಳಿದ್ದೀರಿ, ಮಾಡಿಡಲೇಬೇಕು ಎನ್ನುತ್ತೇನೆ. ರಾತ್ರಿ ಕಳೆದ ಪಂದಿಕರಿಯಲ್ಲಿ ಹುಳಿಯೂ ಉಪ್ಪೂ ತೊಗಲಿನ ಒಳಗೆ ಇಳಿದಿರುತ್ತವೆ. ಆದರೆ ಸೆಪ್ಟೆಂಬರ್‌ನ ಚಳಿಗಾಳಿಯನ್ನು ನಂಬಿ ಪಾತ್ರೆಯನ್ನು ಒಲೆಯ ಮೇಲೆಯೇ ಬಿಡಬೇಡಿ. ಹೊರಗೆ 18 ಡಿಗ್ರಿ ಇದ್ದರೆ ನಮಗೆ ಚಳಿಯೆನಿಸುತ್ತದೆ, ಸೂಕ್ಷ್ಮಜೀವಿಗಳಿಗೆ ಹಾಗೆನಿಸುವುದಿಲ್ಲ. ಆಹಾರ 5 ಡಿಗ್ರಿಗಿಂತ ಕೆಳಗಿರಬೇಕು. ಹಿಂದಿನವರು ಬೆಳಿಗ್ಗೆ ಸಂಜೆ ಕುದಿಸಿ, ಕೆಂಡದ ಮೇಲಿಟ್ಟು ದಿನಗಟ್ಟಲೆ ಉಳಿಸುತ್ತಿದ್ದದ್ದು ನಿಜ, ಆದರೆ ಅವರು ಒಂದು ಹೊತ್ತೂ ತಪ್ಪದೆ ಕುದಿಸುತ್ತಿದ್ದರು. ದೊಡ್ಡ ಪಾತ್ರೆಯ ನಡುಭಾಗ ತಣಿಯಲು ಗಂಟೆಗಟ್ಟಲೆ ಹಿಡಿಯುವುದರಿಂದ ಕರಿಯನ್ನು ನಾಲ್ಕೈದು ಅಗಲ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮನೆಯ ಫ್ರಿಜ್ ಸಾಲದಿದ್ದರೆ ಪಕ್ಕದ ಮನೆಯವರನ್ನು ಕೇಳಲು ಸಂಕೋಚ ಬೇಡ. ಹಬ್ಬದ ದಿನ ಬೇಕಾದಷ್ಟನ್ನೇ ತೆಗೆದು, ಚೆನ್ನಾಗಿ ಕುದಿ ಬರುವವರೆಗೆ ಬಿಸಿ ಮಾಡಿ ಬಡಿಸಿ. ಕೊನೆಯದಾಗಿ, ಅತ್ತೆಯವರಿಗೆ ಒಲೆಯ ಪಕ್ಕ ಒಂದು ಕುರ್ಚಿ ಹಾಕಿಕೊಡಿ. ಮಸಾಲೆಯ ಬಣ್ಣ ಸಾಕೋ ಬೇಕೋ ಎಂದು ಹೇಳಲು ನಿಲ್ಲಬೇಕಾಗಿಲ್ಲ.

ಪ್ರಶ್ನೆ: ಮನೆಯಲ್ಲಿದ್ದ ಕಾಚಂಪುಳಿ ಮುಗಿದಿದೆ. ಹುಣಸೆಹಣ್ಣು ಅಥವಾ ವಿನೆಗರ್ ಹಾಕಬಹುದೇ? ಕಳೆದ ವರ್ಷ ಮಾಡಿದ ಪಂದಿಕರಿ ಕಹಿಯಾಗಿತ್ತು. ಹುಳಿ ಹೆಚ್ಚಾದದ್ದೇ ಕಾರಣವೇ?
— ಓದುಗರು, ಕುಶಾಲನಗರ

ಉತ್ತರ: ಕಹಿಗೆ ಹುಳಿ ಕಾರಣವಲ್ಲ. ಮೆಂತ್ಯ ಹೆಚ್ಚಾಗಿರಬೇಕು ಅಥವಾ ಕರಟಿರಬೇಕು. ಮೇಲಿನ ಉತ್ತರದಲ್ಲಿ ಹೇಳಿದಂತೆ ಬೇರೆಬೇರೆಯಾಗಿ ಹುರಿದರೆ ಈ ತೊಂದರೆ ಬರುವುದಿಲ್ಲ. ಲೋಹದ ಒಗರು ಕೂಡ ಇತ್ತೆಂದಾದರೆ ಪಾತ್ರೆಯನ್ನು ನೋಡಿ. ಕಾಚಂಪುಳಿಯಂತಹ ಗಾಢ ಹುಳಿ ಅಲ್ಯುಮಿನಿಯಂನೊಂದಿಗೆ ವರ್ತಿಸುತ್ತದೆ. ಹಬ್ಬಕ್ಕೆಂದು ಬಾಡಿಗೆಗೆ ತರುವ ದೊಡ್ಡ ಪಾತ್ರೆಗಳು ಬಹುಮಟ್ಟಿಗೆ ಅಲ್ಯುಮಿನಿಯಂನವೇ ಆಗಿರುವುದರಿಂದ, ಸ್ಟೀಲ್, ಮಣ್ಣಿನ ಅಥವಾ ಕಲಾಯಿ ಹಾಕಿಸಿದ ಪಾತ್ರೆಯಿದ್ದರೆ ಅದನ್ನೇ ಬಳಸಿ.

ಬದಲಿ ಹುಳಿಯ ವಿಚಾರಕ್ಕೆ ಬಂದರೆ, ಕಾಚಂಪುಳಿ ಯಾವ ಹಣ್ಣಿನದೆಂಬುದನ್ನು ನೆನೆದರೆ ಉತ್ತರ ತಾನಾಗಿ ಸಿಗುತ್ತದೆ. ಮಲೆನಾಡಿನಲ್ಲಿ ಉಪ್ಪಾಗೆ ಎನ್ನುವ, ಕೇರಳದಲ್ಲಿ ಕೊಡಂಪುಳಿ ಎನ್ನುವ ಮರದ ಹಣ್ಣೇ ಇದು. ಮಳೆಗಾಲದಲ್ಲಿ ಉದುರಿದ ಹಣ್ಣುಗಳನ್ನು ಬುಟ್ಟಿಯಲ್ಲಿ ತುಂಬಿಟ್ಟರೆ ಅವು ಕೊಳೆತು ರಸ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಆ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಿದರೆ ಕಾಚಂಪುಳಿ. ಕೇರಳದವರು ಅದೇ ಹಣ್ಣಿನ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸುತ್ತಾರೆ. ಆದ್ದರಿಂದ ಅತ್ಯಂತ ಹತ್ತಿರದ ಬದಲಿ ಎಂದರೆ ಒಣ ಕೊಡಂಪುಳಿಯೇ. ಕಿಲೋ ಮಾಂಸಕ್ಕೆ ಮೂರು ನಾಲ್ಕು ಎಸಳನ್ನು ತೊಳೆದು, ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಆ ನೀರಿನೊಂದಿಗೆ ಕುದಿಸಿ ಇಳಿಸಿಕೊಂಡು ಹಾಕಿ. ಒಂದೆರಡು ಚಮಚ ವಿನೆಗರ್ ಎರಡನೆಯ ಆಯ್ಕೆ, ಹಾಕಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆರೆದು ಕುದಿಸಿದರೆ ಅದರ ಘಾಟು ಇಳಿಯುತ್ತದೆ. ಹುಣಸೆಹಣ್ಣಿನಲ್ಲಿ ಸಿಹಿಯೂ ಬೆರೆತಿರುವುದರಿಂದ ಅದು ಹಂದಿಯ ಕೊಬ್ಬನ್ನು ಕತ್ತರಿಸುವುದಿಲ್ಲ, ಬರೀ ಸಾರಿನ ರುಚಿ ಕೊಡುತ್ತದೆ; ನಾನು ಅದನ್ನು ಮೀನಿಗೆ ಬಿಟ್ಟುಕೊಡುತ್ತೇನೆ. ಒಳ್ಳೆಯ ಕಾಚಂಪುಳಿ ಸಿಕ್ಕರೆ ಗಾಜಿನ ಬಾಟಲಿಯಲ್ಲಿ, ಒದ್ದೆ ಚಮಚ ತಾಗಿಸದೆ ಇಟ್ಟುಕೊಳ್ಳಿ, ಅದು ವರ್ಷಗಳವರೆಗೆ ಕೆಡುವುದಿಲ್ಲ. ಪ್ರಮಾಣ ಕಿಲೋಗೆ ಒಂದರಿಂದ ಒಂದೂವರೆ ಸಣ್ಣ ಚಮಚ. ಗಾಢತೆ ಮನೆಯಿಂದ ಮನೆಗೆ ಬೇರೆಯಾಗಿರುವುದರಿಂದ ಹೊಸ ಬಾಟಲಿ ತೆರೆದಾಗಲೆಲ್ಲ ಒಂದು ಹನಿಯನ್ನು ನೀರಿಗೆ ಹಾಕಿ ರುಚಿ ನೋಡುವುದು ಒಳ್ಳೆಯದು.

ಪ್ರಶ್ನೆ: ನಾನು ಮಾಡುವ ಕಡಂಬುಟ್ಟು ಒಮ್ಮೆ ಕಲ್ಲಿನಂತೆ, ಇನ್ನೊಮ್ಮೆ ಅಂಟಂಟಾಗಿ ಬರುತ್ತದೆ. ಹೆಚ್ಚು ಜನರಿಗೆ ಮಾಡುವಾಗಲಂತೂ ಮೇಲೆ ಬಿರುಕು ಬಿಡುತ್ತದೆ. ಪ್ರಮಾಣ ತಿಳಿಸುವಿರಾ?
— ಓದುಗರು, ಸೋಮವಾರಪೇಟೆ

ಉತ್ತರ: ಮೊದಲ ಎರಡು ದೋಷಗಳ ಮೂಲ ತರಿಯಲ್ಲಿದೆ. ತೊಳೆದು ನೆರಳಿನಲ್ಲಿ ಆರಿಸಿದ ಅಕ್ಕಿಯನ್ನು ಸಣ್ಣ ರವೆಯಂತೆ ಒಡೆದು, ಅದರಲ್ಲಿರುವ ನುಣ್ಣನೆಯ ಹಿಟ್ಟನ್ನು ಜರಡಿ ಹಿಡಿದು ತೆಗೆಯಲೇಬೇಕು. ಹಿಟ್ಟು ಉಳಿದರೆ ಅಂಟು, ತರಿ ತೀರಾ ದಪ್ಪವಾದರೆ ನೀರು ಸಾಲದೆ ಗಟ್ಟಿ. ಒಂದು ಅಳತೆ ತರಿಗೆ ಎರಡು ಅಳತೆ ನೀರು ಹಳೆಯ ಅಕ್ಕಿಗೆ ಸರಿಹೋಗುತ್ತದೆ. ಹೊಸ ಅಕ್ಕಿ ಕಡಿಮೆ ನೀರು ಹೀರುವುದರಿಂದ ಕಾಲು ಅಳತೆ ಕಡಿಮೆ ಮಾಡಿ. ಉಪ್ಪು ಹಾಕಿದ ನೀರು ಕುದಿಯುವಾಗ ತರಿಯನ್ನು ಮಳೆ ಸುರಿದಂತೆ ಉದುರಿಸುತ್ತಾ ತಿರುವಿ, ನೀರು ಇಂಗಿದ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ.

ಬಿರುಕಿನ ಕಾರಣ ಬೇರೆ. ಹೆಚ್ಚು ಹಿಟ್ಟು ಇರುವಾಗ ಕೊನೆಯ ಉಂಡೆ ಕಟ್ಟುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ, ತಣಿದ ಹಿಟ್ಟು ಕೂಡಿಕೊಳ್ಳುವುದಿಲ್ಲ. ಕೈಗೆ ತುಪ್ಪವನ್ನೋ ತಣ್ಣೀರನ್ನೋ ಸವರಿಕೊಂಡು, ಬೇಕಾದಷ್ಟನ್ನು ಮಾತ್ರ ಪಾತ್ರೆಯಿಂದ ತೆಗೆದು, ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಬಿಸಿಯಿರುವಾಗಲೇ ಅಂಗೈಯ ಬುಡದಿಂದ ನಾದಿ ಉಂಡೆ ಕಟ್ಟಬೇಕು. ಈ ಕೆಲಸಕ್ಕೆ ಇಬ್ಬರು ಮೂವರು ಕುಳಿತರೆ ಬಿರುಕೂ ಇಲ್ಲ, ಬೇಸರವೂ ಇಲ್ಲ. ಒಂದು ಕಿಲೋ ತರಿಗೆ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಸುಮಾರು ಅರವತ್ತು ಉಂಡೆಗಳಾಗುತ್ತವೆ. ತಲೆಗೆ ನಾಲ್ಕೈದು ಎಂದು ಹಿಡಿದರೆ ಇಪ್ಪತ್ತೈದು ಜನರಿಗೆ 2 ಕಿಲೋ ತರಿ ಸಾಕು. ನೀರು ಚೆನ್ನಾಗಿ ಕುದಿದು ಹಬೆ ಬಂದ ಮೇಲೆ ಉಂಡೆಗಳನ್ನಿಟ್ಟು ಇಪ್ಪತ್ತೈದರಿಂದ ಮೂವತ್ತು ನಿಮಿಷ ಬೇಯಿಸಿ. ಮುಚ್ಚಳದ ಕೆಳಗೆ ಒಂದು ಬಟ್ಟೆ ಕಟ್ಟಿದರೆ ನೀರಿನ ಹನಿ ಉಂಡೆಯ ಮೇಲೆ ಬೀಳದು. ಕಡಂಬುಟ್ಟನ್ನು ಮಾತ್ರ ಹಿಂದಿನ ದಿನ ಮಾಡಬೇಡಿ. ಉಳಿದದ್ದನ್ನು ಮರುದಿನ ಕತ್ತರಿಸಿ ಸಾಸಿವೆ, ಒಣಮೆಣಸಿನ ಒಗ್ಗರಣೆಯಲ್ಲಿ ಹುರಿದರೆ ಕಾಫಿಯೊಂದಿಗೆ ಬೆಳಗಿನ ತಿಂಡಿಯಾಗುತ್ತದೆ, ಆದರೆ ಅದನ್ನೂ ರಾತ್ರಿ ಫ್ರಿಜ್‌ನಲ್ಲೇ ಇಟ್ಟಿರಬೇಕು.

ಪ್ರಶ್ನೆ: ತಂದೆಯವರಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇವೆ. ಎಲ್ಲರೂ ಪಂದಿಕರಿ ಉಣ್ಣುವಾಗ ಅವರೊಬ್ಬರಿಗೆ ಗಂಜಿ ಬಡಿಸುವುದು ಮನಸ್ಸಿಗೆ ನೋವಾಗುತ್ತದೆ.
— ಮಗಳು, ಮಡಿಕೇರಿ

ಉತ್ತರ: ಎಷ್ಟು ತಿನ್ನಬಹುದೆಂಬುದನ್ನು ಅವರ ವೈದ್ಯರೇ ಹೇಳಬೇಕು, ಹಬ್ಬಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಹಿಂದಿನ ದಿನ ಮಾಡಿ ಫ್ರಿಜ್‌ನಲ್ಲಿಟ್ಟ ಕರಿಯ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಅವರ ಪಾಲಿನ ಪಾತ್ರೆಯಿಂದ ಅದನ್ನು ಚಮಚದಲ್ಲಿ ಕೆರೆದು ತೆಗೆದರೆ ಜಿಡ್ಡಿನ ದೊಡ್ಡ ಭಾಗ ಹೋಗುತ್ತದೆ, ಮಸಾಲೆ ಮಾತ್ರ ಅಲ್ಲೇ ಉಳಿಯುತ್ತದೆ. ತೊಗಲು, ಕೊಬ್ಬಿನ ತುಂಡುಗಳನ್ನು ಬಿಟ್ಟು ಕೆಂಪು ಮಾಂಸದ ತುಂಡುಗಳನ್ನು ಆರಿಸಿ ಬಡಿಸಿ. ರಕ್ತದೊತ್ತಡದವರಿಗೆ ಉಪ್ಪಿನ ಚಿಂತೆಯೇ ದೊಡ್ಡದಾದ್ದರಿಂದ ಇಡೀ ಪಾತ್ರೆಗೇ ಉಪ್ಪನ್ನು ಒಂದು ಹಿಡಿತ ಕಡಿಮೆ ಹಾಕಿ, ಬೇಕಾದವರು ಎಲೆಯಲ್ಲಿ ಹಾಕಿಕೊಳ್ಳಲಿ. ಕಾಚಂಪುಳಿಯೂ ಕರಿಮೆಣಸೂ ಇರುವಲ್ಲಿ ಉಪ್ಪಿನ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ಅವರ ಎಲೆಯಲ್ಲಿ ಉಪ್ಪಿನಕಾಯಿ ಬೇಡ. ಸಕ್ಕರೆಯ ದೃಷ್ಟಿಯಿಂದ ನೋಡಿದರೆ ಎಚ್ಚರ ಬೇಕಾದದ್ದು ಮಾಂಸಕ್ಕಿಂತ ಹೆಚ್ಚಾಗಿ ಕಡಂಬುಟ್ಟು, ಅನ್ನ ಮತ್ತು ಪಾಯಸಗಳಿಗೆ. ಎರಡು ಕಡಂಬುಟ್ಟು, ಪಕ್ಕದಲ್ಲಿ ಸೊಪ್ಪಿನ ಪಲ್ಯ ಅಥವಾ ಹುರುಳಿಕಾಯಿ ಪಲ್ಯ ಧಾರಾಳವಾಗಿ ಇರಲಿ. ಅನ್ನ ಆಗ ತಾನಾಗಿ ಕಡಿಮೆಯಾಗುತ್ತದೆ. ಪಲ್ಯವನ್ನು ಅವರೊಬ್ಬರಿಗೇ ಮಾಡದೆ ಎಲ್ಲರ ಎಲೆಗೂ ಬಡಿಸಿ, ಆಗ ಅದು ಪಥ್ಯವೆನಿಸುವುದಿಲ್ಲ.

ಪ್ರಶ್ನೆ: ನಮ್ಮ ಮನೆಗೆ ಸಸ್ಯಾಹಾರಿ ಬೀಗರು ಬರುತ್ತಾರೆ. ಕಾವೇರಿ ಸಂಕ್ರಮಣದ ದಿನ ನಾವೂ ಮಾಂಸ ಮಾಡುವುದಿಲ್ಲ. ಮಾಂಸವಿಲ್ಲದೆ ಊಟ ಸಪ್ಪೆಯಾಗುತ್ತದೆಂದು ಮಕ್ಕಳ ಗೊಣಗಾಟ.
— ಗೃಹಿಣಿ, ನಾಪೋಕ್ಲು

ಉತ್ತರ: ತೆಂಗಿನಕಾಯಿ, ತುಪ್ಪ, ಬೆಲ್ಲ, ಎಳ್ಳು ಇರುವ ಮನೆಯಲ್ಲಿ ಊಟ ಸಪ್ಪೆಯಾಗಲು ಕಾರಣವೇ ಇಲ್ಲ. ಸಂಕ್ರಮಣದಂದು ತಲಕಾವೇರಿಗೆ ಹೋಗಿಬರುವವರು, ಮನೆಯಲ್ಲಿ ಕಾವೇರಿಗೆ ಕಣಿಪೂಜೆ ಮಾಡುವವರು ಎಲ್ಲರೂ ಬೇರೆಬೇರೆ ಹೊತ್ತಿಗೆ ಊಟಕ್ಕೆ ಬರುವುದರಿಂದ, ಕಾದು ನಿಂತರೂ ಕೆಡದ ಅಡುಗೆ ಬೇಕು. ದೋಸೆಯೊಂದಿಗೆ ಸಿಹಿಗುಂಬಳದ ಕರಿ ಆ ದಿನಕ್ಕೆ ಒಗ್ಗಿದ ಜೋಡಿ. ಸಿಪ್ಪೆ ಸಹಿತ ದೊಡ್ಡ ಹೋಳುಗಳನ್ನು ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ತುಂಡು ಬೆಲ್ಲದೊಂದಿಗೆ ಸ್ವಲ್ಪವೇ ನೀರಿನಲ್ಲಿ ಬೇಯಿಸಿ, ಹುರಿದ ಎಳ್ಳು, ಸಾಸಿವೆ, ತೆಂಗಿನತುರಿ ರುಬ್ಬಿ ಹಾಕಿ. ಸಾಸಿವೆ ಹೆಚ್ಚಾದರೂ, ರುಬ್ಬಿದ ಮೇಲೆ ಬಹಳ ಹೊತ್ತು ಇಟ್ಟರೂ ಕಹಿ ಬರುತ್ತದೆ. ಹೋಳು ಕರಗಬಾರದು, ಚಮಚ ಒತ್ತಿದರೆ ಒಡೆಯುವಷ್ಟು ಬೆಂದಿರಬೇಕು.

ಇನ್ನೂ ಭಾರಿ ಬೇಕೆಂದರೆ ಪಾಪುಟ್ಟು ಮತ್ತು ಕಪ್ಪು ಕಡಲೆಯ ಕರಿ. ಒಂದು ಅಳತೆ ಅಕ್ಕಿ ತರಿಗೆ ಒಂದು ಅಳತೆ ಹಾಲು, ಒಂದು ಅಳತೆ ನೀರು, ಅರ್ಧ ತೆಂಗಿನಕಾಯಿಯ ತುರಿ, ಉಪ್ಪು ಸೇರಿಸಿ ಕಾಲು ಗಂಟೆ ನೆನೆಸಿ, ತಟ್ಟೆಗೆ ಹೊಯ್ದು ಹಬೆಯಲ್ಲಿ ಬೇಯಿಸಿ. ತರಿ ತಳಕ್ಕೆ ಇಳಿಯುವುದರಿಂದ ಪ್ರತಿ ತಟ್ಟೆಗೆ ಹೊಯ್ಯುವ ಮುನ್ನವೂ ಕಲಕಬೇಕು. ಕಣಿಲೆಯನ್ನು (ಎಳೆಬಿದಿರು) ಉಪ್ಪಿನಲ್ಲಿಟ್ಟುಕೊಂಡವರು ಅದನ್ನೂ ಬಳಸಬಹುದು. ಹಸಿ ಕಣಿಲೆಯಾದರೆ ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುವುದರಿಂದ ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ಕುದಿಸಿ ಆ ನೀರನ್ನೂ ಚೆಲ್ಲಿಯೇ ಅಡುಗೆಗೆ ತೆಗೆದುಕೊಳ್ಳಬೇಕು.

ಬೀಗರ ವಿಚಾರದಲ್ಲಿ ಒಂದು ಮಾತು. ಅವರು ಮಾಂಸದ ಹಬ್ಬಕ್ಕೆ ಬಂದಾಗ ಪಾತ್ರೆ, ಸೌಟು, ಹಬೆಯ ತಟ್ಟೆ ಎಲ್ಲವನ್ನೂ ಬೇರೆಯಾಗಿಟ್ಟು, ಅವರ ಅಡುಗೆಯನ್ನು ಮೊದಲು ಮುಗಿಸಿ ಬೇರೆ ಕೋಣೆಗೆ ಸಾಗಿಸಿ. ಕಡಂಬುಟ್ಟು ಕಟ್ಟುವಾಗ ಕೈಗೆ ಸವರಿಕೊಳ್ಳುವುದು ತುಪ್ಪವೇ ಎಂದು ನೆರವಿಗೆ ಬಂದವರಿಗೆಲ್ಲ ಹೇಳಿಡಿ.

ಪ್ರಶ್ನೆ: ಹುತ್ತರಿಯ ತಂಬುಟ್ಟು ಕೆಲವೊಮ್ಮೆ ನೀರಾಗುತ್ತದೆ, ಕೆಲವೊಮ್ಮೆ ಗಂಟಲಿಗೆ ಅಂಟುತ್ತದೆ. ಹುತ್ತರಿ ಗೆಣಸು ಹೆಚ್ಚುವಾಗ ಕೈ ತುರಿಸುತ್ತದೆ. ಕದಿರು ತೆಗೆದು ಬರುವಷ್ಟರಲ್ಲಿ ಅಡುಗೆಯೆಲ್ಲ ಆರಿಹೋಗಿರುತ್ತದೆ.
— ಓದುಗರು, ಪೊನ್ನಂಪೇಟೆ

ಉತ್ತರ: ಕೊನೆಯ ತೊಂದರೆಗೆ ಪರಿಹಾರ ಪತ್ರಿಕೆಯಲ್ಲೇ ಸಿಗುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ಹುತ್ತರಿಯ ದಿನವನ್ನು ನಿಶ್ಚಯಿಸುವಾಗ ನೆರೆ (ಎಲೆಗಳ ಕಟ್ಟು) ಕಟ್ಟುವ, ಕದಿರು ತೆಗೆಯುವ ಹೊತ್ತಿನ ಜೊತೆಗೆ ಭೋಜನದ ಹೊತ್ತನ್ನೂ ಹೇಳಿರುತ್ತಾರೆ. ಅಡುಗೆಯನ್ನು ಆ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಕರಿ, ಪಾಯಸಗಳು ಸಂಜೆಯೇ ಮುಗಿದಿರಲಿ, ಹೊಸ ಕದಿರಿನ ಕಾಳು ಬೀಳಬೇಕಾದ ಪಾಯಸದ ಪಾತ್ರೆಯೊಂದು ಸಣ್ಣ ಕೆಂಡದ ಮೇಲಿರಲಿ. ಗದ್ದೆಗೆ ಹೋಗುವ ಮುನ್ನ ಕಟ್ಟಿಟ್ಟ ಕಡಂಬುಟ್ಟನ್ನು ಹಬೆಯಲ್ಲಿಡಲು ಮನೆಯಲ್ಲಿ ಉಳಿಯುವ ಒಬ್ಬರಿಗೆ ಒಪ್ಪಿಸಿ. “ಪೊಲಿ ಪೊಲಿ ದೇವಾ” ಎಂಬ ಕೂಗು ಗದ್ದೆಯ ಕಡೆಯಿಂದ ಕೇಳಿದಾಗ ಒಲೆ ಹಚ್ಚಿದರೆ ಲೆಕ್ಕ ಸರಿಹೋಗುತ್ತದೆ.

ತಂಬುಟ್ಟಿಗೆ ಬಾಳೆಹಣ್ಣು ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಬರುವಷ್ಟು ಕಳಿತಿರಬೇಕು. ಕುಸುಬಲಕ್ಕಿಯನ್ನು ಹೊಂಬಣ್ಣಕ್ಕೆ ಹುರಿದು, ನಾಲ್ಕು ಕಾಳು ಮೆಂತ್ಯ ಮತ್ತು ಏಲಕ್ಕಿಯೊಂದಿಗೆ ಪುಡಿ ಮಾಡಿ, ಕಿವುಚಿದ ಹಣ್ಣಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸಿ. ಹಣ್ಣಿಗೆ ಪುಡಿ ಬೀಳಬೇಕು, ಪುಡಿಗೆ ಹಣ್ಣಲ್ಲ. ಕಲಸಿದಾಗ ತುಸು ಸಡಿಲವೆನಿಸುವಲ್ಲಿಗೆ ನಿಲ್ಲಿಸಿ, ಏಕೆಂದರೆ ಹುರಿದ ಪುಡಿ ಹತ್ತು ನಿಮಿಷದವರೆಗೂ ತೇವ ಹೀರುತ್ತಲೇ ಇರುತ್ತದೆ. ಕಲಸುವಾಗಲೇ ಗಟ್ಟಿ ಮಾಡಿದ್ದು ಆಮೇಲೆ ಗಂಟಲಿಗೆ ಅಂಟುತ್ತದೆ. ತುಪ್ಪ, ಹುರಿದ ಎಳ್ಳು, ತೆಂಗಿನತುರಿಗಳನ್ನು ಬಡಿಸುವಾಗ ಮೇಲೆ ಹಾಕಿ. ಬೆಳಿಗ್ಗೆಯೇ ಕಲಸಿಟ್ಟರೆ ಹಣ್ಣು ಕಪ್ಪಾಗಿ ಹುಳಿಯುತ್ತದೆ, ಪುಡಿಯನ್ನು ಮಾತ್ರ ವಾರದ ಮೊದಲೇ ಮಾಡಿಡಬಹುದು.

ಗೆಣಸನ್ನು ಹಸಿಯಾಗಿ ಸುಲಿಯಬೇಡಿ. ಮಣ್ಣು ತೊಳೆದು, ದೊಡ್ಡ ತುಂಡು ಮಾಡಿ, ಸಿಪ್ಪೆಯೊಂದಿಗೆ ಬೇಯಿಸಿ ಆಮೇಲೆ ಸುಲಿದರೆ ತುರಿಕೆಯೂ ಇಲ್ಲ, ಅದರ ನೇರಳೆ ಬಣ್ಣವೂ ನೀರಿಗೆ ಹೋಗುವುದಿಲ್ಲ. ಹೆಚ್ಚುವ ಮುನ್ನ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಜೇನುತುಪ್ಪ ಸಿಗದಿದ್ದರೆ ಬೆಲ್ಲದ ಪಾಕಕ್ಕೆ ಒಂದು ಚಮಚ ತುಪ್ಪ ಹಾಕಿ ಜೊತೆಗಿಡಬಹುದು.

ಪ್ರಶ್ನೆ: ಸಮಯ ಉಳಿಸಲು ಪಂದಿಕರಿಯನ್ನು ಕುಕ್ಕರಿನಲ್ಲಿ ಮಾಡಬಹುದೇ?
— ಓದುಗರು, ಗೋಣಿಕೊಪ್ಪಲು

ಉತ್ತರ: ಮಾಡಬಹುದು, ಆದರೆ ಪೂರ್ತಿಯಾಗಿ ಅಲ್ಲ. ನೀರು ಇಂಗಿಸಿ, ಈರುಳ್ಳಿ ಮಸಾಲೆ ಹುರಿಯುವವರೆಗಿನ ಕೆಲಸ ತೆರೆದ ಪಾತ್ರೆಯಲ್ಲಿಯೇ ಆಗಬೇಕು. ಆಮೇಲೆ ಕುಕ್ಕರಿಗೆ ಹಾಕಿ ಎರಡು ಸೀಟಿ ಕೂಗಿಸಿ, ಆವಿ ತಾನಾಗಿ ಇಳಿದ ಮೇಲೆ ತೆರೆದು, ಹುರಿದ ಪುಡಿ ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬತ್ತಿಸಿ, ಕಾಚಂಪುಳಿಯನ್ನು ಕೊನೆಯ ಐದು ನಿಮಿಷದಲ್ಲಿ ಹಾಕಿ. ಐದಾರು ಸೀಟಿ ಕೂಗಿಸಿದರೆ ಕೊಬ್ಬು ತೊಗಲಿನಿಂದ ಕಳಚಿ ತುಂಡುಗಳೆಲ್ಲ ಗೊಜ್ಜಾಗುತ್ತವೆ. ಅಂದಹಾಗೆ, ಕುಕ್ಕರನ್ನು ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಕರಗಿದ ಕೊಬ್ಬು ಸೀಟಿಯ ರಂಧ್ರವನ್ನು ಕಟ್ಟುವ ಸಾಧ್ಯತೆ ಇರುವುದರಿಂದ ಪ್ರತಿ ಸಲವೂ ಅದನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆದ ಮೇಲೆಯೇ ಮುಂದಿನ ಮಾಂಸ ಹಾಕಿ.